ಬದುಕಿ ಬಂದವನಿಗೆ ಕಲ್ಲಿಲ್ಲ

ಅಮರಾಪುರದ ಕಡೆಯವರಲ್ಲಿ ಹೇಮಾವತಿಗೆ ಹೋಗದವರು ಕಡಿಮೆ. ಶಿವರಾತ್ರಿಗೆ ಹೋಗಿ ಸಿದ್ಧೇಶ್ವರನಿಗೆ ಕೈಮುಗಿದು ಬಂದಿರುತ್ತೀರಿ. ಈ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು ಎನಿಸಿಕೊಂಡು ನೊಳಂಬ ಅರಸರ ರಾಜಧಾನಿಯಾಗಿತ್ತು ಎಂಬುದು ನಿಮಗೆ ಗೊತ್ತಿರುವ ಮಾತೇ. ಈವತ್ತು ನಾನು ದೇವಸ್ಥಾನದ ವಿಷಯ ಹೇಳಲು ಬಂದಿಲ್ಲ. ನಮ್ಮ ಸೀಮೆಯ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಊರಬಾಗಿಲ ಪಕ್ಕದಲ್ಲಿ ಅರ್ಧ ಹೂತುಹೋಗಿ ನಿಂತಿರುವ ವೀರಗಲ್ಲುಗಳ ವಿಷಯದಿಂದ ಶುರುಮಾಡುತ್ತೇನೆ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಯುದ್ಧ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಆತ ಶಿವನ ಸನ್ನಿಧಿ ಸೇರಿರುತ್ತಾನೆ. ಕಲ್ಲಿನ ಜೊತೆಗೆ ಎಷ್ಟೋ ಸಲ ಒಂದು ದಾನವೂ ಇರುತ್ತಿತ್ತು. ರಕ್ತ ಸುರಿಸಿದವನ ಮನೆಯವರಿಗೆ ಕೊಟ್ಟ ಭೂಮಿಗೆ ನಮ್ಮ ಶಾಸನಗಳಲ್ಲಿ ನೆತ್ತರುಗೊಡಗೆ ಎಂಬ ಹೆಸರಿದೆ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಬೇಗೂರಿನ ದೊಡ್ಡ ವೀರಗಲ್ಲನ್ನೇ ನೋಡಿ. ಗಂಗರ ಎರೆಯಪ್ಪರಸ ತನ್ನ ಸಾಮಂತ ನಾಗತ್ತರನನ್ನು ಅಯ್ಯಪದೇವನ ಸಹಾಯಕ್ಕೆ ಸೈನ್ಯದೊಂದಿಗೆ ಕಳಿಸುತ್ತಾನೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ಸಾಯುತ್ತಾನೆ. ಸುದ್ದಿ ಕೇಳಿದ ಅರಸ ಇರುಗ ಎಂಬಾತನಿಗೆ ನಾಗತ್ತರನ ಪಟ್ಟ ಕಟ್ಟಿ ಬೇಗೂರು ಹನ್ನೆರಡನ್ನು, ಅಂದರೆ ಹನ್ನೆರಡು ಹಳ್ಳಿಗಳನ್ನು, ಕೊಡುತ್ತಾನೆ. ಸಾವಿರದ ನೂರು ವರ್ಷಗಳ ಹಿಂದಿನ ಮಾತು ಇದು. ಅರಸ ತನ್ನ ಬೊಕ್ಕಸದಿಂದ ಸೈನಿಕನಿಗೆ ಸಲ್ಲಿಸಿದ ಋಣ.

ಆದರೆ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿದೆ. ಆ ಕಾಳಗದಿಂದ ಬದುಕಿ ಮನೆಗೆ ಬಂದವರೂ ಇರಲೇಬೇಕಲ್ಲವೇ? ಆನೆ ತುಳಿದದ್ದನ್ನು ಕಣ್ಣಾರೆ ಕಂಡು, ಪಕ್ಕದವನನ್ನು ಕಳೆದುಕೊಂಡು, ಊರಿಗೆ ಮರಳಿ ರಾತ್ರಿ ನಿದ್ದೆ ಬಾರದೆ ಎದ್ದು ಕೂರುತ್ತಿದ್ದವರು? ಅವರಿಗೆ ಕಲ್ಲಿಲ್ಲ, ಕೊಡಗೆಯೂ ಇಲ್ಲ. ಸತ್ತವನ ಲೆಕ್ಕ ಇದೆ, ಗಾಯಗೊಂಡವನ ಲೆಕ್ಕ ಅಲ್ಲಲ್ಲಿ ಸಿಗುತ್ತದೆ. ಮನಸ್ಸು ಗಾಯಗೊಂಡು ಬದುಕಿ ಬಂದವನ ಲೆಕ್ಕ ಮಾತ್ರ ಇಲ್ಲ. ನಮ್ಮ ಕಾಲದ ಸರ್ಕಾರಗಳ ಹಣಕಾಸಿನ ಚರಿತ್ರೆಯಲ್ಲೂ ಇದೇ ಕೊರತೆ ನೂರು ವರ್ಷ ನಡೆದು ಬಂದಿದೆ.

ಮೊದಲನೆಯ ಮಹಾಯುದ್ಧಕ್ಕೆ ಹಿಂದೂಸ್ಥಾನದಿಂದ ಸುಮಾರು 13 ಲಕ್ಷ ಜನ ಹೋದರು. ಸುಮಾರು 74 ಸಾವಿರ ಜನ ಹಿಂತಿರುಗಲಿಲ್ಲ. ಮೈಸೂರು ಲಾನ್ಸರ್ಸ್ ಕುದುರೆ ಪಡೆಯವರು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ನುಗ್ಗಿದ್ದನ್ನು ನೀವು ಕೇಳಿರುತ್ತೀರಿ. ಆ ಯುದ್ಧದಲ್ಲೇ ವೈದ್ಯರ ಬಾಯಿಗೆ ಶೆಲ್ ಶಾಕ್ ಎಂಬ ಮಾತು ಬಂತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಬ್ರಿಟಿಷ್ ವೈದ್ಯ ಅದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದ. ಮೈಮೇಲೆ ಗಾಯವಿಲ್ಲ, ಆದರೂ ಕೈ ನಡುಗುತ್ತದೆ, ಮಾತು ನಿಂತುಹೋಗುತ್ತದೆ, ಸದ್ದಾದರೆ ಮೂಲೆ ಸೇರುತ್ತಾನೆ. ಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟಿಷ್ ಸರ್ಕಾರ ಇಲ್ಲಿ ಇಂಡಿಯನ್ ಸೋಲ್ಜರ್ಸ್ ಬೋರ್ಡ್ ಎಂಬುದನ್ನು ಸ್ಥಾಪಿಸಿತು. ಅದೇ 1975ರಿಂದ ಕೇಂದ್ರೀಯ ಸೈನಿಕ ಬೋರ್ಡ್ ಎಂದು ಕರೆಸಿಕೊಳ್ಳುತ್ತಿದೆ. ಅದರ ಕೆಳಗೆ ರಾಜ್ಯಕ್ಕೊಂದು ಬೋರ್ಡು, ಜಿಲ್ಲೆಗೊಂದು ಕಚೇರಿ. ಖರ್ಚನ್ನು ಕೇಂದ್ರವೂ ರಾಜ್ಯವೂ ಹಂಚಿಕೊಳ್ಳುತ್ತವೆ.

ಈ ಕಚೇರಿಗೆ ನಮ್ಮ ಗಡಿಯಲ್ಲಿ ಎರಡು ಹೆಸರು. ಶಿರಾ, ಪಾವಗಡದ ಕಡೆಯವರಿಗೆ ಅದು ಸೈನಿಕ ಕಲ್ಯಾಣ. ನಮಗೆ ಸೈನಿಕ ಸಂಕ್ಷೇಮ. ಒಂದು ಮೈಲಿ ಆಚೆಗೆ ಕಲ್ಯಾಣ, ಈಚೆಗೆ ಸಂಕ್ಷೇಮ! ಮಾತು ಯಾವುದಾದರೂ ಇರಲಿ, ಒಳಗೆ ಸಿಗುತ್ತಿದ್ದುದು ಒಂದೇ ಬಗೆಯದು: ಪಿಂಚಣಿಯ ಕಾಗದ, ಮಕ್ಕಳ ಓದಿಗೆ ಸಹಾಯ, ಮಗಳ ಮದುವೆಗೆ ಸಹಾಯ, ವಿಧವೆಯರಿಗೆ ಸಹಾಯ, ನೌಕರಿಗೆ ಹೆಸರು ನೋಂದಣಿ. ಇವೆಲ್ಲ ಬೇಕಾದವೇ, ನಾನು ಹಗುರವಾಗಿ ಹೇಳುತ್ತಿಲ್ಲ. 1949ರಿಂದ ಪ್ರತಿ ಡಿಸೆಂಬರ್ 7ರಂದು ಶಾಲೆಯಲ್ಲಿ ನೀವು ನಾವೆಲ್ಲ ನಾಲ್ಕಾಣೆ, ಎಂಟಾಣೆ ಕೊಟ್ಟು ಅಂಗಿಗೆ ಚುಚ್ಚಿಕೊಂಡ ಚಿಕ್ಕ ಧ್ವಜದ ಹಣ ಇದಕ್ಕೇ ಹೋಗುತ್ತಿತ್ತು. 1993ರಲ್ಲಿ ಹಲವು ನಿಧಿಗಳನ್ನು ಸೇರಿಸಿ ಸಶಸ್ತ್ರ ಪಡೆಗಳ ಧ್ವಜ ದಿನ ನಿಧಿ ಎಂದು ಒಂದೇ ಮಾಡಿದರು. ಪಿಂಚಣಿಯಿಲ್ಲದ, 65 ವರ್ಷ ದಾಟಿದ, ಹವಾಲ್ದಾರ್ ದರ್ಜೆಯವರೆಗಿನ ಬಡ ಮಾಜಿ ಸೈನಿಕರಿಗೆ ತಿಂಗಳಿಗೆ 4 ಸಾವಿರ ರೂಪಾಯಿ ಸಹಾಯ ಇತ್ತು. 2025ರ ನವೆಂಬರ್ 1ರಿಂದ ಸಲ್ಲಿಸುವ ಅರ್ಜಿಗಳಿಗೆ ಅದು 8 ಸಾವಿರ ಆಗಿದೆ. ನಿಮ್ಮ ಊರಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಈ ಮಾತು ಅವರಿಗೆ ಮುಟ್ಟಿಸಿ.

ಆದರೆ ಮನಸ್ಸಿನ ಕಾಯಿಲೆಗೆ? ಅದರ ದಾರಿ ಬೇರೆಯೇ ಇಲಾಖೆಯಲ್ಲಿ ಹೊರಟಿತು. ಮತ್ತು ಸ್ವಾರಸ್ಯವೆಂದರೆ ಅದು ನಮ್ಮ ಮಗ್ಗುಲಲ್ಲೇ ಹೊರಟಿತು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇಂದಿನ ರೂಪದಲ್ಲಿ ಹುಟ್ಟಿದ್ದು 1974ರ ಡಿಸೆಂಬರ್ 27ರಂದು. ಅದಕ್ಕೂ ಮೊದಲು ಅದು ಮಾನಸಿಕ ಆಸ್ಪತ್ರೆ, ಇನ್ನೂ ಮೊದಲು ಹುಚ್ಚಾಸ್ಪತ್ರೆ. ನಮ್ಮ ಹಳ್ಳಿಗಳಲ್ಲಿ ಈಗಲೂ ಹಳೆಯ ಹೆಸರೇ ಚಾಲ್ತಿಯಲ್ಲಿದೆ, ಅದೇ ಅರ್ಧ ತೊಂದರೆ. ಬಸ್ಸು ಹತ್ತಿ ಬೆಂಗಳೂರಿಗೆ ಬರಲಾರದವರಿಗೆ ಏನು ಮಾಡುವುದು ಎಂದು ಅಲ್ಲಿನ ವೈದ್ಯರು ಯೋಚಿಸಿದರು. 1984ರ ಸುಮಾರಿಗೆ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡರು. ಸುಮಾರು 20 ಲಕ್ಷ ಜನರಿದ್ದ ಜಿಲ್ಲೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಡುವುದು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಗುರುತು ಹಿಡಿಯುವುದನ್ನು ಕಲಿಸುವುದು, ಜ್ವರದ ಮಾತ್ರೆ ಸಿಗುವ ಕಡೆಯೇ ಮನಸ್ಸಿನ ಮಾತ್ರೆಯೂ ಸಿಗುವಂತೆ ಮಾಡುವುದು. ಆರೇಳು ವರ್ಷ ಹೀಗೆ ನಡೆಸಿ ನೋಡಿದರು. ಇದಕ್ಕೆ ದೇಶವೆಲ್ಲ ಬಳ್ಳಾರಿ ಮಾದರಿ ಎಂದು ಹೆಸರು ಬಂತು.

ಈ ಬಳ್ಳಾರಿಗೂ ನಮಗೂ ಇರುವ ನಂಟು ನೋಡಿ. ರಾಯದುರ್ಗ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯದೇ. ಆಂಧ್ರ ರಾಜ್ಯ ಹುಟ್ಟಿದ ದಿನ ಆದೋನಿ, ಆಲೂರು, ರಾಯದುರ್ಗ ಆ ಕಡೆಗೆ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು. ಗೆರೆ ಬೇರೆ ಕಡೆ ಎಳೆದಿದ್ದರೆ 1984ರಲ್ಲಿ ರಾಯದುರ್ಗದ ಆರೋಗ್ಯ ಕೇಂದ್ರದಲ್ಲೂ ಆ ಮಾತ್ರೆ ಸಿಗುತ್ತಿತ್ತೋ ಏನೋ. ಮುಂದೆ 1996ರಲ್ಲಿ ಕೇಂದ್ರ ಸರ್ಕಾರ ಬಳ್ಳಾರಿ ಮಾದರಿಯನ್ನೇ ಹಿಡಿದು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಮೊದಲು ನಾಲ್ಕು ಜಿಲ್ಲೆ. ಆಂಧ್ರ ಪ್ರದೇಶದಿಂದ ಆಯ್ಕೆಯಾದದ್ದು ಮೇದಕ್. ಒಂಬತ್ತನೆಯ ಯೋಜನೆಯಲ್ಲಿ ಇದಕ್ಕೆ ಇಡೀ ದೇಶಕ್ಕೆಂದು ಕೊಟ್ಟ ಹಣ 28 ಕೋಟಿ, ಅದರಲ್ಲಿ 27 ಜಿಲ್ಲೆ. ಈಗ 760ಕ್ಕೂ ಮಿಕ್ಕಿ ಜಿಲ್ಲೆಗಳಿಗೆ ಕಾರ್ಯಕ್ರಮ ಮಂಜೂರಾಗಿದೆ. ಬಳ್ಳಾರಿಯಲ್ಲಿ ಹಚ್ಚಿದ ದೀಪ ಮೇದಕ್ ಸುತ್ತಿಕೊಂಡು ನಮ್ಮ ಕಡೆಗೆ ಬರುವ ಹೊತ್ತಿಗೆ ಎಷ್ಟು ವರ್ಷ ಹಿಡಿಯಿತು ಎಂದು ನೀವೇ ಎಣಿಸಿ.

ಈ ಕಾರ್ಯಕ್ರಮಕ್ಕೆ ಮಾಜಿ ಸೈನಿಕ ಎಂದರೆ ಯಾರೋ ಒಬ್ಬ ರೋಗಿ. ಸೈನಿಕ ಕಚೇರಿಗೆ ಮಾನಸಿಕ ಕಾಯಿಲೆ ಎಂದರೆ ಬೇರೆ ಇಲಾಖೆಯ ವಿಷಯ. ನಡುವೆ 2003ರ ಏಪ್ರಿಲ್‌ನಲ್ಲಿ ಮೂರನೆಯದು ಬಂತು, ಇ.ಸಿ.ಎಚ್.ಎಸ್. ಎಂದು ನಮ್ಮ ಮಿಲಿಟ್ರಿಯವರೆಲ್ಲ ಹೇಳುವ ಆರೋಗ್ಯ ಯೋಜನೆ. ಪಿಂಚಣಿದಾರರಿಗೂ ಅವರ ಮನೆಯವರಿಗೂ ಪಾಲಿಕ್ಲಿನಿಕ್, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಚೀಟಿ. ಎರಡನೆಯ ಮಹಾಯುದ್ಧದಲ್ಲಿ ಕಾದಾಡಿ ಪಿಂಚಣಿಯಿಲ್ಲದೆ ಉಳಿದ ಮುದುಕರನ್ನು ಇದರೊಳಗೆ ಸೇರಿಸಿಕೊಳ್ಳಲು 2019ರವರೆಗೆ ಕಾಯಬೇಕಾಯಿತು. ಆ ಯುದ್ಧ ಮುಗಿದದ್ದು 1945ರಲ್ಲಿ. 2025-26ರ ಬಜೆಟ್ಟಿನಲ್ಲಿ ಈ ಯೋಜನೆಗೆ ಇಟ್ಟ ಹಣ 8,317 ಕೋಟಿ ರೂಪಾಯಿ. ದೊಡ್ಡ ಮೊತ್ತವೇ. ಅದರಲ್ಲಿ ಮನಸ್ಸಿನ ಚಿಕಿತ್ಸೆಗೆ ಎಷ್ಟು, ಪ್ರಾಣ ಕಳೆದುಕೊಳ್ಳುವ ಯೋಚನೆಯಲ್ಲಿರುವವರನ್ನು ತಡೆಯಲು ಎಷ್ಟು ಎಂದು ಹುಡುಕಿದರೆ ಬಜೆಟ್ ಪುಸ್ತಕದಲ್ಲಿ ಪ್ರತ್ಯೇಕ ಸಾಲು ಇಲ್ಲ.

ಸಾಲು ಯಾಕಿಲ್ಲ? ಲೆಕ್ಕ ಇಲ್ಲ, ಅದಕ್ಕೇ ಸಾಲಿಲ್ಲ. ಈ ಮಾತನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಸೈನಿಕ ಸಮವಸ್ತ್ರದಲ್ಲಿರುವಷ್ಟು ಕಾಲ ಲೆಕ್ಕ ಇದೆ. 2022ರಲ್ಲಿ ರಕ್ಷಣಾ ಸಚಿವಾಲಯ ಪಾರ್ಲಿಮೆಂಟಿಗೆ ಕೊಟ್ಟ ಉತ್ತರದಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳಲ್ಲಿ ಹೀಗೆ ಪ್ರಾಣ ಕಳೆದುಕೊಂಡವರು 819, ಭೂಸೇನೆಯಲ್ಲಿ 642, ವಾಯುಸೇನೆಯಲ್ಲಿ 148, ನೌಕಾಸೇನೆಯಲ್ಲಿ 29 ಎಂದಿದೆ. ಸಂಖ್ಯೆ ಇದ್ದದ್ದರಿಂದ ಪ್ರಶ್ನೆ ಬಂತು, ಪ್ರಶ್ನೆ ಬಂದದ್ದರಿಂದ ಉತ್ತರ ಕೊಡಬೇಕಾಯಿತು. ಪಡೆಯೊಳಗೆ ಸಮಾಲೋಚಕರೂ ಸಹಾಯವಾಣಿಯೂ ಬಂದವು. ಅದೇ ಮನುಷ್ಯ ಡಿಸ್ಚಾರ್ಜ್ ಬುಕ್ಕು ಹಿಡಿದು ಟ್ರಂಕು ಹೊತ್ತು ಊರಿಗೆ ಇಳಿದ ಮರುದಿನದಿಂದ ಆ ಲೆಕ್ಕದಿಂದ ಜಾರಿಬೀಳುತ್ತಾನೆ. ದೇಶದಲ್ಲಿ ಪ್ರತಿವರ್ಷ ಸುಮಾರು 60 ಸಾವಿರ ಜನ ಹೀಗೆ ಇಳಿಯುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ವಾರ್ಷಿಕ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924. ಆ ವರದಿಯಲ್ಲಿ ರೈತರಿಗೆ ಕಾಲಂ ಇದೆ, ದಿನಗೂಲಿಯವರಿಗೆ ಇದೆ, ವಿದ್ಯಾರ್ಥಿಗಳಿಗೆ, ಗೃಹಿಣಿಯರಿಗೆ ಇದೆ. ನಿವೃತ್ತರು ಎಂಬ ಕಾಲಂ ಕೂಡ ಇದೆ. ಮಾಜಿ ಸೈನಿಕ ಎಂಬುದಿಲ್ಲ.

ನಮ್ಮ ಕಡೆಯ ಮಿಲಿಟ್ರಿಯವರು ಯಾವ ಕಾಲಮ್ಮಿಗೆ ಹೋಗುತ್ತಾರೆ ಎಂದು ಯೋಚಿಸಿ. ಸಿಪಾಯಿ ಹದಿನೈದು ಹದಿನೇಳು ವರ್ಷ ದುಡಿದು ಬಂದಾಗ ಆತನಿಗೆ ಇನ್ನೂ ನಲವತ್ತು ತುಂಬಿರುವುದಿಲ್ಲ. ಬಂದ ಹಣದಲ್ಲಿ ಬೋರು ಕೊರೆಸುತ್ತಾನೆ, ನೀರು ಬಿದ್ದರೆ ಅಡಿಕೆ, ಬೀಳದಿದ್ದರೆ ಕಡ್ಲೆಕಾಯಿ. ಎರಡು ವರ್ಷ ಮಳೆ ಕೈಕೊಟ್ಟರೆ ಬೆಂಗಳೂರಿನಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು. ಈತನಿಗೆ ಏನಾದರೂ ಆದರೆ ಪೊಲೀಸ್ ಕಾಗದದಲ್ಲಿ ರೈತ ಎಂದೋ ಖಾಸಗಿ ನೌಕರ ಎಂದೋ ಬರೆಯುತ್ತಾರೆ. ಕಾಶ್ಮೀರದಲ್ಲೋ ಸಿಯಾಚಿನ್‌ನಲ್ಲೋ ಕಳೆದ ವರ್ಷಗಳು ಆ ಕಾಗದದಲ್ಲಿ ಇರುವುದೇ ಇಲ್ಲ.

ಅಮೆರಿಕದಲ್ಲಿ ಈ ಲೆಕ್ಕ ಇಡುತ್ತಾರೆ. ಅಲ್ಲಿ 2007ರಲ್ಲಿ ಮಾಜಿ ಸೈನಿಕರಿಗೆಂದೇ ಸಹಾಯವಾಣಿ ಶುರುವಾಯಿತು. 2022ರಲ್ಲಿ 6,407 ಮಾಜಿ ಸೈನಿಕರು, ಅಂದರೆ ದಿನಕ್ಕೆ ಹದಿನೇಳು ಹದಿನೆಂಟು ಜನ, ಪ್ರಾಣ ಕಳೆದುಕೊಂಡರು ಎಂದು ಅಲ್ಲಿನ ಸರ್ಕಾರವೇ ವರದಿ ಹಾಕಿತು. ನಾಚಿಕೆಯ ಸಂಖ್ಯೆಯೇ, ಆದರೆ ಮುಚ್ಚಿಡಲಿಲ್ಲ. ಆ ಸಂಖ್ಯೆ ಹಿಡಿದುಕೊಂಡೇ ಅವರ ಪಾರ್ಲಿಮೆಂಟಿನಲ್ಲಿ 2020ರಲ್ಲಿ ಕಾಯ್ದೆ ಮಾಡಿ, ಊರೂರಿನ ಸಂಘಸಂಸ್ಥೆಗಳಿಗೆ ಈ ಕೆಲಸಕ್ಕೆಂದೇ ಅನುದಾನ ಕೊಡಲು ಶುರುಮಾಡಿದರು. ಹಣ ಸುರಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ, ಹೋಗಿಲ್ಲ. ಕೇಳುವುದಕ್ಕೆ ಒಂದು ಆಧಾರವಾದರೂ ಇತ್ತು.

ನಮ್ಮಲ್ಲಿ ಲೆಕ್ಕ ಸಿಗದಿರುವುದಕ್ಕೆ ಕಾನೂನೂ ಒಂದು ಕಾರಣ. 1860ರ ದಂಡ ಸಂಹಿತೆಯ 309ನೆಯ ಕಲಮಿನಂತೆ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಬದುಕಿದವನು ಅಪರಾಧಿ. ಒಂದು ವರ್ಷದವರೆಗೆ ಸಜೆ. ಆದ್ದರಿಂದ ಮನೆಯವರು ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದರು, ಕಾಲುಜಾರಿ ಬಿದ್ದ, ಗೊತ್ತಿಲ್ಲದೆ ಕುಡಿದ ಎಂದು. ಸತ್ತರೆ ಪತ್ರಿಕೆಯಲ್ಲಿ ‘ಹೊಟ್ಟೆನೋವು ತಾಳಲಾರದೆ’ ಎಂದು ಎರಡು ಸಾಲು. ನಮ್ಮ ಎರಡೂ ರಾಜ್ಯಗಳಲ್ಲಿ ಅಷ್ಟೊಂದು ಜನಕ್ಕೆ ಹೊಟ್ಟೆನೋವು ಇತ್ತೇ ಎಂದು ನಾವ್ಯಾರೂ ಕೇಳಲಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂತು. ಅದರ 115ನೆಯ ಕಲಮು ಹೇಳುವುದು ಇದು: ಹೀಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸಬಾರದು, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಕೊಡುವುದು ಸರ್ಕಾರದ ಕರ್ತವ್ಯ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ 309ನೆಯ ಕಲಮನ್ನೇ ಬಿಟ್ಟಿದ್ದಾರೆ. ಇದು ಇನ್ನೂ ಹಳ್ಳಿಗೆ ಮುಟ್ಟಿಲ್ಲ. ‘ಪೊಲೀಸ್ ಕೇಸಾಗುತ್ತೆ, ಆಸ್ಪತ್ರೆಗೆ ಬೇಡ’ ಎಂದು ಯಾರಾದರೂ ಅಂದರೆ ನೀವು ಧೈರ್ಯವಾಗಿ ಹೇಳಿ, ಆಗುವುದಿಲ್ಲ ಎಂದು. ಹೊತ್ತು ಕಳೆಯದೆ ಕರೆದುಕೊಂಡು ಹೋಗಿ.

ಪಿಂಚಣಿಯ ವಿಷಯದಲ್ಲೂ ಒಂದು ತೀರ್ಪು ನೆನಪಿಡತಕ್ಕದ್ದು. 2013ರ ಜುಲೈಯಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸೇರುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆ ಆಮೇಲೆ ಕಾಣಿಸಿಕೊಂಡು ಸೈನಿಕನನ್ನು ಮನೆಗೆ ಕಳಿಸಿದರೆ, ಅದು ಸೇವೆಯಿಂದ ಬಂದದ್ದಲ್ಲ ಎಂದು ಸಾಬೀತುಮಾಡುವ ಹೊಣೆ ಸರ್ಕಾರದ್ದು, ಸೈನಿಕನದಲ್ಲ ಎಂದಿತು. ಆ ಪ್ರಕರಣ ಮೂರ್ಛೆರೋಗದ್ದು. ಮನಸ್ಸಿನ ಕಾಯಿಲೆಯ ಪ್ರಕರಣಗಳಲ್ಲೂ ವಕೀಲರು ಅದನ್ನೇ ಮುಂದಿಡುತ್ತಾರೆ. ‘ತಲೆ ಕೆಟ್ಟಿದೆ ಎಂದು ಕಳಿಸಿಬಿಟ್ಟರು’ ಎನ್ನಿಸಿಕೊಂಡು ಬಂದವರ ಮನೆಯಲ್ಲಿ ಆ ಹಳೆಯ ಕಾಗದಗಳು ಟ್ರಂಕಿನ ತಳದಲ್ಲಿದ್ದರೆ ಬಿಸಾಡಬೇಡಿ.

ಈಗಿನ ಸಂಗತಿಗೆ ಬರೋಣ. 2022ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಶುರುವಾಯಿತು. ಇದರ ಮುಖ್ಯ ಕೇಂದ್ರ ನಿಮ್ಹಾನ್ಸ್. ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಖರ್ಚಿಲ್ಲದೆ, ಕನ್ನಡ ತೆಲುಗು ಸೇರಿ 20 ಭಾಷೆಗಳಲ್ಲಿ. ಎರಡು ವರ್ಷದಲ್ಲಿ 14 ಲಕ್ಷಕ್ಕೂ ಹೆಚ್ಚು ಕರೆ ಬಂದವು ಎಂದರೆ ಜನಕ್ಕೆ ಎಷ್ಟು ಬೇಕಾಗಿತ್ತು ಎಂಬುದು ಗೊತ್ತಾಗುತ್ತದೆ. 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರದೇ ಒಂದು ವಿಶೇಷ ಘಟಕವನ್ನು ಸೈನಿಕರಿಗೂ ಅವರ ಕುಟುಂಬದವರಿಗೂ ತೆರೆದರು. ನೂರು ವರ್ಷ ಬೇರೆಬೇರೆ ಹಾದಿ ಹಿಡಿದಿದ್ದ ರಕ್ಷಣಾ ಇಲಾಖೆ ಮತ್ತು ಆರೋಗ್ಯ ಇಲಾಖೆ 2024ರಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದವು. ಅದೂ ಎರಡು ವರ್ಷದ ಪ್ರಯೋಗವೆಂದು. ಆದರೂ ನಾನು ಇದನ್ನು ಚಿಕ್ಕ ಸಂಗತಿ ಎನ್ನುವುದಿಲ್ಲ.

ಹಣದ ಕಡೆ ನೋಡಿದರೆ ಮಾತ್ರ ಸ್ವಲ್ಪ ಬೇಸರ. ಟೆಲಿ ಮಾನಸ್‌ಗೆ ಇಟ್ಟದ್ದು 2022-23ಕ್ಕೆ ಸುಮಾರು 121 ಕೋಟಿ, ಮರುವರ್ಷ ಸುಮಾರು 134 ಕೋಟಿ, ಅದರ ಮರುವರ್ಷ 90 ಕೋಟಿ, 2025-26ಕ್ಕೆ ಸುಮಾರು 80 ಕೋಟಿ. ಕರೆ ಏರುತ್ತಿದೆ, ಹಣ ಇಳಿಯುತ್ತಿದೆ. ದೇಶದ ಬೊಕ್ಕಸದಲ್ಲಿ ಇವು ಕಾಣದಷ್ಟು ಸಣ್ಣ ಮೊತ್ತ. ಇಳಿಸಿದರೂ ಕೇಳುವವರಿಲ್ಲದಷ್ಟು ಸಣ್ಣದು, ಅದೇ ಅದರ ಕಷ್ಟ.

ಇನ್ನೊಂದು ಸಂಗತಿ ಬಾಗಿಲಿಗೇ ಬಂದು ನಿಂತಿದೆ. 2022ರ ಜೂನಿನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇರಿದ ಹುಡುಗರ ಮೊದಲ ತಂಡಕ್ಕೆ ನಾಲ್ಕು ವರ್ಷ ತುಂಬುವುದು 2026ರ ಕೊನೆಗೆ. ನೂರಕ್ಕೆ ಇಪ್ಪತ್ತೈದು ಜನ ಉಳಿಯಬಹುದು, ಮಿಕ್ಕವರು ಇಪ್ಪತ್ತೆರಡು ಇಪ್ಪತ್ತೈದರ ವಯಸ್ಸಿಗೆ ಸುಮಾರು 11 ಲಕ್ಷದ 71 ಸಾವಿರ ರೂಪಾಯಿ ಹಿಡಿದು ಮನೆಗೆ ಬರುತ್ತಾರೆ. ಯೋಜನೆಯ ನಿಯಮದಂತೆ ಅವರಿಗೆ ಪಿಂಚಣಿ ಇಲ್ಲ, ಇ.ಸಿ.ಎಚ್.ಎಸ್. ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಲೆಕ್ಕದಿಂದ ಜಾರಿದವರ ಸಾಲಿಗೆ ಇನ್ನೊಂದು ಸಾಲು ಸೇರುತ್ತದೆ. ಆ ಹುಡುಗರಲ್ಲಿ ನಿಮ್ಮ ಅಣ್ಣನ ಮಗನೋ ಅಕ್ಕನ ಮಗನೋ ಇರಬಹುದು.

ಗಡಿಯ ನಮಗೆ ಇದೆಲ್ಲ ಇನ್ನೂ ಒಂದು ಸುತ್ತು ಹೆಚ್ಚು. ಶಿರಾದ ಹುಡುಗ ಸೇನೆಗೆ ಸೇರುವುದು ಬೆಂಗಳೂರಿನ ಭರ್ತಿ ಕಚೇರಿಯಿಂದ, ಅಮರಾಪುರದ ಹುಡುಗ ಗುಂಟೂರಿನ ಕಚೇರಿಯಿಂದ. ಸೈನಿಕ ಕಚೇರಿಗೆ ನಮ್ಮವರು ಹೋಗಿಬಂದದ್ದು ಅನಂತಪುರಕ್ಕೆ. 2022ರ ಏಪ್ರಿಲ್ 4ರಿಂದ ಮಡಕಶಿರಾ, ಅಮರಾಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಅರ್ಜಿ ತೆಲುಗಿನಲ್ಲಿ, ಸೇನೆಯ ಕಾಗದ ಹಿಂದಿ ಇಂಗ್ಲಿಷಿನಲ್ಲಿ, ಮನಸ್ಸಿನ ನೋವು ಕನ್ನಡದಲ್ಲಿ. ಸಂತೆಯಲ್ಲಿ ತೆಲುಗು ಎಷ್ಟು ಚೆನ್ನಾಗಿ ಆಡಿದರೂ, ನಡುರಾತ್ರಿ ಎದ್ದು ಕೂತವನು ತನ್ನ ಅವ್ವನ ಮಾತಿನಲ್ಲೇ ಅಳುತ್ತಾನೆ. 14416ಕ್ಕೆ ಫೋನು ಮಾಡಿದಾಗ ಭಾಷೆ ಯಾವುದು ಎಂದು ಕೇಳುತ್ತಾರೆ. ಆಂಧ್ರದಲ್ಲಿದ್ದೀವಲ್ಲ ಎಂದು ಸಂಕೋಚಪಟ್ಟು ತೆಲುಗು ಒತ್ತಬೇಕಿಲ್ಲ, ಕನ್ನಡವನ್ನೇ ಆರಿಸಿಕೊಳ್ಳಿ. ತೆಲುಗೇ ಹಾಯೆನಿಸುವವರು ತೆಲುಗು ಆರಿಸಿಕೊಳ್ಳಿ.

ಇನ್ನು ಮನೆಯವರಿಗೆ, ನೆರೆಯವರಿಗೆ ಎರಡು ಮಾತು. ಮಿಲಿಟ್ರಿಯಿಂದ ಬಂದ ಮನುಷ್ಯ ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಇದ್ದರೆ, ಮಾತು ಬಿಟ್ಟಿದ್ದರೆ, ಕ್ಯಾಂಟೀನಿನ ಬಾಟಲಿ ವಾರಕ್ಕೊಂದು ಇದ್ದದ್ದು ದಿನಕ್ಕೊಂದಾದರೆ, ‘ನಾನಿಲ್ಲದಿದ್ದರೂ ಪಿಂಚಣಿ ಬರುತ್ತೆ’ ಎಂದು ಲೆಕ್ಕ ಹೇಳಲು ಶುರುಮಾಡಿದರೆ ಅದನ್ನು ಗಾಳಿ ಸೋಕು ಎಂದು ತಳ್ಳಬೇಡಿ. ಹೇಮಾವತಿಗೆ ಹೋಗಿ ಪೂಜೆ ಮಾಡಿಸುವುದಿದ್ದರೆ ಮಾಡಿಸಿ, ಅದರ ಜೊತೆಗೆ ಡಾಕ್ಟರ ಬಳಿಗೂ ಕರೆದುಕೊಂಡು ಹೋಗಿ. ‘ಅಣ್ಣಾ, ಬದುಕು ಸಾಕು ಅನ್ನಿಸ್ತಾ ಇದೆಯಾ?’ ಎಂದು ನೇರವಾಗಿ ಕೇಳಬಹುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳುವಳಿಕೆ. ಹೌದು ಎಂದರೆ ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡದೆ, ಅವರ ಪಕ್ಕದಲ್ಲೇ ಕೂತು ಫೋನು ಮಾಡಿ.

ಸೈನಿಕ ಕಚೇರಿಗೆ ಹೋಗುವಾಗ ಡಿಸ್ಚಾರ್ಜ್ ಬುಕ್ಕು, ಪಿಂಚಣಿ ಆದೇಶ, ಆಸ್ಪತ್ರೆಯ ಚೀಟಿ ಒಂದೇ ಚೀಲದಲ್ಲಿರಲಿ. ಆಸ್ಪತ್ರೆಯಲ್ಲಿ ಉದ್ಯೋಗ ಏನು ಎಂದು ಕೇಳಿದಾಗ ಬೇಸಾಯ ಎಂದಷ್ಟೇ ಹೇಳಬೇಡಿ, ಮಾಜಿ ಸೈನಿಕ ಎಂದೂ ಬರೆಸಿ. ಬರೆಯುವವರು ಜಾಗ ಇಲ್ಲ ಎಂದರೆ ಅಂಚಿನಲ್ಲಿ ಬರೆಯಲು ಹೇಳಿ.